ಅವಳ ವಯಸ್ಸು ಯಾರೂ ಕೇಳಲಿಲ್ಲ

ನಮ್ಮ ಬೀದಿಯ ಬ್ಯಾಂಕ್ ಮುಚ್ಚಿ ವರ್ಷವಾಯಿತು. ಆ ಜಾಗಕ್ಕೆ 24 ಗಂಟೆ ತೆರೆದಿರುವ ಸ್ಲಾಟ್ ಮಷಿನ್ (ದುಡ್ಡು ಹಾಕಿ ಜೂಜಾಡುವ ಯಂತ್ರ) ಅಂಗಡಿ ಬರುತ್ತದಂತೆ. ಅದಕ್ಕೇ ಈ ವಾರ ಇಲ್ಲಿನ ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್‌ನ ಲೈಸೆನ್ಸಿಂಗ್ ಕಮಿಟಿ ಸಭೆಗೆ ಹೋಗಿ ಕೂತಿದ್ದೆ. ಇಂಗ್ಲೆಂಡಿನಲ್ಲಿ ಇಂಥ ಸಭೆಗೆ ಯಾರು ಬೇಕಾದರೂ ಹೋಗಬಹುದು, ಹೋಗುವವರೇ ಇಲ್ಲ. ಸಾರ್ವಜನಿಕರ ಸಾಲಿನಲ್ಲಿ ನಾನು, ಪಕ್ಕದಲ್ಲಿ ಒಬ್ಬರು ಅಜ್ಜಿ, ಅಷ್ಟೇ.

ಮೊದಲು ಜೂಜಿನ ನೀತಿ, ಅಂದರೆ ಜೂಜಿನ ಅಂಗಡಿಗಳ ಅರ್ಜಿಯನ್ನು ಕೌನ್ಸಿಲ್ ಹೇಗೆ ನೋಡುತ್ತದೆ ಅನ್ನುವ ಬರಹ. 2005ರ ಜೂಜು ಕಾಯ್ದೆಯ ಪ್ರಕಾರ ಪ್ರತಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆಯಬೇಕು. ಮೊದಲೇ ಹೆಸರು ಕೊಟ್ಟಿದ್ದ ಅಜ್ಜಿ ಎದ್ದು, "ಈ ಬೀದಿಗೆ ಇನ್ನೊಂದು ಜೂಜಿನ ಅಂಗಡಿ ಯಾರಿಗೆ ಬೇಕಾಗಿದೆ?" ಅಂತ ಕೇಳಿದರು. ಬೇಕೋ ಬೇಡವೋ ಅನ್ನುವುದನ್ನು ನಾವು ನೋಡುವಂತಿಲ್ಲ ಅಂದರು ಕೌನ್ಸಿಲ್ ವಕೀಲರು. ಕಾನೂನು ಹೇಳುವುದೂ ಹಾಗೇ. ನಿಯಮಕ್ಕೆ ಸರಿಹೊಂದಿದರೆ ಅನುಮತಿ ಕೊಡುವ ಕಡೆಗೇ ಕೌನ್ಸಿಲ್ ವಾಲಬೇಕು. ಅಧ್ಯಕ್ಷರು ಗಡಿಯಾರ ನೋಡಿ, ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟು ಮುಂದೆ ಹೋದರು. ಒಳ್ಳೆಯ ಮನುಷ್ಯನೇ ಇರಬೇಕು, ಆದರೆ ಊಟದ ಹೊತ್ತು ಮೀರಿದವರ ಅವಸರ.

ಆಮೇಲೆ ಮದ್ಯದ ವಿಷಯ. ಕೌನ್ಸಿಲ್‌ನವರು 18 ತುಂಬದ ಮಕ್ಕಳನ್ನು ಅಂಗಡಿಗಳಿಗೆ ಕಳಿಸಿ, ಮದ್ಯ ಕೊಡುತ್ತಾರಾ ಅಂತ ಪರೀಕ್ಷೆ ಮಾಡುತ್ತಾರೆ. ಒಂದು ಅಂಗಡಿಯಲ್ಲಿ ಹಾಗೆ ಕಳಿಸಿದ ಹುಡುಗಿಯ ಕೈಗೆ ಸೈಡರ್ (ಸೇಬಿನ ಮದ್ಯ) ಸಿಕ್ಕಿತ್ತು. "ಆ ಹುಡುಗಿ ವಯಸ್ಸು ಸುಳ್ಳು ಹೇಳಿದಳಾ?" ಸದಸ್ಯರೊಬ್ಬರು ಕೇಳಿದರು.

"ಇಲ್ಲ. ಕೇಳಿದರೆ ನಿಜ ಹೇಳಬೇಕು ಅಂತಲೇ ಹೇಳಿ ಕಳಿಸುತ್ತೇವೆ. ಯಾರೂ ಕೇಳಲಿಲ್ಲ," ಅಂದರು ಅಧಿಕಾರಿ.

ಮನೆಗೆ ಬಂದು ಸಾರು ಬಿಸಿ ಮಾಡುವಾಗಲೂ ಅದೇ ಮಾತು. ಯಾರೂ ಕೇಳಲಿಲ್ಲ. ಕೌಂಟರಿನ ಮೇಲೇ '25ಕ್ಕಿಂತ ಚಿಕ್ಕವರಂತೆ ಕಂಡರೆ ಐಡಿ ಕೇಳುತ್ತೇವೆ' ಅನ್ನೋ ಚೀಟಿ ಅಂಟಿಸಿರುತ್ತಾರೆ. (ನನ್ನ ಹೆಂಡತಿಗೆ ಒಮ್ಮೆ ಕೇಳಿದ್ದರು, ವಾರವೆಲ್ಲ ಖುಷಿ.) ಆದರೂ ನನಗೆ ಕೌಂಟರಿನ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ರಾತ್ರಿ ಪಾಳಿ, ಉದ್ದ ಸಾಲು, ಪುಡಿಗಾಸು. ದಂಡ ಅವನ ಮೇಲೂ ಬೀಳುತ್ತದೆ. ಮೂರು ತಿಂಗಳಲ್ಲಿ ಇನ್ನೊಮ್ಮೆ ಹೀಗಾದರೆ ಅಂಗಡಿಯೇ ಕೆಲ ದಿನ ಮದ್ಯ ಮಾರುವುದನ್ನು ನಿಲ್ಲಿಸಬೇಕಾಗಬಹುದು. ಸಣ್ಣ ಅಂಗಡಿಯ ಮೇಲೆ ಕೌನ್ಸಿಲ್‌ಗೆ ಎಷ್ಟು ಅಧಿಕಾರ! ಜೂಜಿನ ಅಂಗಡಿ ಮುಂದೆ ಮಾತ್ರ 'ನೋಡುವಂತಿಲ್ಲ'.

ನಮ್ಮಲ್ಲಿ? ಕರ್ನಾಟಕದ ನಿಯಮದಲ್ಲಿ ಮದ್ಯ ಕೊಳ್ಳುವ ವಯಸ್ಸು 21 ಅಂತಿದೆ. 2023ರಲ್ಲಿ ಅದನ್ನು 18ಕ್ಕೆ ಇಳಿಸಲು ಹೋಗಿ, ವಿರೋಧ ಬಂದು, ಸರ್ಕಾರ ಕೈಬಿಟ್ಟಿತು. ಅಷ್ಟೆಲ್ಲ ಗಲಾಟೆ ಆಯ್ತು. ಆದರೆ ಊರಿನ ವೈನ್ ಶಾಪಿನ ಕಿಟಕಿಯಲ್ಲಿ ವಯಸ್ಸು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಕೇಳದಿದ್ದರೆ ಸಭೆಯಲ್ಲಿ ವರದಿಯಾದರೂ ಬರುತ್ತದೆ.

ಮೊಬೈಲಿನಲ್ಲಿ ಆಡುವ ಜೂಜಿನ ಮಾತೇ ಬರಲಿಲ್ಲ. ಅದರ ಲೈಸೆನ್ಸ್ ಕೊಡುವುದು ದೇಶಮಟ್ಟದ ಜೂಜು ನಿಯಂತ್ರಣ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್, ಕೌನ್ಸಿಲ್ ಕೈಗೆ ಸಿಗುವುದೇ ಇಲ್ಲ. ಐಪಿಎಲ್ ಬಂತೆಂದರೆ ನಮ್ಮ ಹುಡುಗರ ಗುಂಪಿನಲ್ಲಿ ಯಾರು ಯಾವ ಆ್ಯಪಿನಲ್ಲಿ ಎಷ್ಟು ಕಟ್ಟಿದರು ಅಂತ ಯಾವ ಅಧಿಕಾರಿ ಹೋಗಿ ಕೇಳಬೇಕು?

ಆದರೂ ಒಂದು ಸಂದು ಇದೆ. ಜೂಜಿನ ಅಂಗಡಿ ತೆರೆಯುವವರು ಸುತ್ತಮುತ್ತಲಿನ ಅಪಾಯಗಳನ್ನು ಲೆಕ್ಕ ಹಾಕಿ ಬರೆದಿಡಬೇಕು. ಅದರಲ್ಲಿ ಏನೇನು ನೋಡಬೇಕು ಅಂತ ಕೌನ್ಸಿಲ್ ತನ್ನ ನೀತಿಯಲ್ಲಿ ಹೇಳಬಹುದು. ಹಳೇ ಬ್ಯಾಂಕಿನ ಮುಂದೆಯೇ ಶಾಲಾ ಮಕ್ಕಳು ಬಸ್ಸಿಗೆ ಕಾಯುತ್ತಾರೆ. ಆ ಬಸ್ ಸ್ಟಾಪಿನ ಹೆಸರು ಸಮೇತ ಅಭಿಪ್ರಾಯ ಬರೆದು ಕಳಿಸಿದ್ದೇನೆ. ಅಜ್ಜಿಯದ್ದು ಆಗಲೇ ನಾಲ್ಕು ಪುಟ ಆಗಿದೆಯಂತೆ.