ಫೈರ್ ಅಲಾರಂ ಒತ್ತಿದರು, ಬಾಗಿಲುಗಳೆಲ್ಲ ತೆರೆದುಕೊಂಡವು

2 ನಿಮಿಷ 40 ಸೆಕೆಂಡ್. ಸ್ಟಾಪ್‌ವಾಚ್ ಅಷ್ಟು ತೋರಿಸುವ ಹೊತ್ತಿಗೆ ಸಭಾಭವನದ ಏಳು ಬಾಗಿಲುಗಳೂ ಬಿಚ್ಚಿಕೊಂಡಿದ್ದವು. ಒಳಗಿದ್ದ ಸಿಬ್ಬಂದಿಯೆಲ್ಲ ಮುಂದಿನ ಅಂಗಳಕ್ಕೆ ಬಂದು ಸಾಲಾಗಿ ನಿಂತಿದ್ದರು. ತಪಾಸಣೆಗೆ ಹೋಗಿದ್ದ ನಾವು ಅವರಿಗೆ ಕೊಟ್ಟಿದ್ದ ಅಣಕು ಸನ್ನಿವೇಶದಲ್ಲಿ ಚಾಕು ಹಿಡಿದವನು ನಿಂತಿದ್ದದ್ದೂ ಅದೇ ಅಂಗಳದಲ್ಲಿ.

ಅರ್ಧ ಗಂಟೆ ಮೊದಲಷ್ಟೇ ಅದೇ ಭವನದ ಕಡತ ತಿರುವಿ ಹಾಕಿ, ಹನ್ನೆರಡು ಅಂಶಗಳಿಗೂ ‘ಹೌದು’ ಎಂದು ಗುರುತು ಹಾಕಿ ಸಹಿ ಮಾಡಿದ್ದು ನಾನೇ. ಆ ಸಹಿ ಈಗಲೂ ಚುಚ್ಚುತ್ತದೆ.

ಜನ ಸೇರುವ ಜಾಗಗಳು ಉಗ್ರರ ದಾಳಿಗೆ ಸಿದ್ಧವಿರಬೇಕೆನ್ನುವ, ಬ್ರಿಟನ್ನಿನಲ್ಲಿ ಮಾರ್ಟಿನ್ಸ್ ಲಾ ಎಂದೇ ಎಲ್ಲರ ಬಾಯಲ್ಲಿರುವ ಕಾನೂನಿಗೆ 2025ರ ಏಪ್ರಿಲ್ 3ರಂದು ರಾಜಮುದ್ರೆ ಬಿತ್ತು. 2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೀನಾದ ಬಾಂಬ್ ದಾಳಿಯಲ್ಲಿ ಸತ್ತ 22 ಜನರಲ್ಲಿ ಒಬ್ಬರಾದ ಮಾರ್ಟಿನ್ ಹೆಟ್ ಅವರ ಹೆಸರು ಅದಕ್ಕೆ ಬಂದಿದೆ. ಅವರ ತಾಯಿ ಫಿಗೆನ್ ಮರ್ರೆ ವರ್ಷಗಟ್ಟಲೆ ಹೋರಾಡಿ ತಂದ ಕಾನೂನು ಇದು. ಜಾರಿಗೆ ಮುನ್ನ ಕನಿಷ್ಠ 24 ತಿಂಗಳ ತಯಾರಿ ಅವಧಿ ಇದೆ. ನಮ್ಮ ಹೊಸ ತಪಾಸಣಾ ತಂಡದ ಭೇಟಿಗಳು ಈ ತಯಾರಿಯ ಭಾಗ. ದಂಡ ಹಾಕುವ ಅಧಿಕಾರವಿಲ್ಲ, ನೋಡಿ ಹೇಳುವುದಷ್ಟೇ ಕೆಲಸ. ಹಾಗಾಗಿ ತಪ್ಪುವುದಿದ್ದರೆ ಈಗಲೇ ತಪ್ಪಬೇಕು.

ಆ ಭವನದ ಕಡತದಲ್ಲಿ ದೋಷ ಹುಡುಕುವುದು ಕಷ್ಟವೇ ಇತ್ತು. ಈ ಕಾನೂನಿನ ಕೆಳಗಿನ ಹಂತವಾದ ಸ್ಟ್ಯಾಂಡರ್ಡ್ ಟಿಯರ್ ಕೇಳುವ ನಾಲ್ಕೂ ವಿಧಾನಗಳು ಬರವಣಿಗೆಯಲ್ಲಿದ್ದವು: ಜನರನ್ನು ಹೊರಗೆ ಕಳಿಸುವುದು, ಜನರನ್ನು ಒಳಗೆ ಅಥವಾ ಒಳಗಿನ ಸುರಕ್ಷಿತ ಜಾಗಕ್ಕೆ ಕರೆದುಕೊಳ್ಳುವುದು, ದಾಳಿಕೋರ ಒಳಬರದಂತೆ ಬಾಗಿಲು ಮುಚ್ಚುವ ಲಾಕ್‌ಡೌನ್, ಸಂವಹನ. ನಕ್ಷೆ ಇತ್ತು, ತರಬೇತಿಯ ಸಹಿ ಪಟ್ಟಿ ಇತ್ತು, ಫೋನ್ ನಂಬರುಗಳಿದ್ದವು. ಇವೆಲ್ಲ ಓದಿ ಮುಗಿಸಿದ ಮೇಲೆ ಡ್ಯೂಟಿ ಮ್ಯಾನೇಜರ್ ಕೈಗೆ ಒಂದು ಲಕೋಟೆ ಕೊಟ್ಟೆವು. ‘ಮುಂಬಾಗಿಲಿನಿಂದ 40 ಮೀಟರ್ ದೂರದಲ್ಲಿ ಚಾಕು ಹಿಡಿದ ವ್ಯಕ್ತಿ, ನಿಮ್ಮ ಕಡೆಗೇ ಬರುತ್ತಿದ್ದಾನೆ’ ಎಂಬ ಒಂದೇ ಸಾಲು. ಆಕೆ ಓದಿದರು. ಸುತ್ತ ನೋಡಿದರು. ಮೇಜಿನ ಮೇಲಿದ್ದ ವಾಕಿಟಾಕಿ ಮುಟ್ಟಿ ಬಿಟ್ಟರು. ಹನ್ನೊಂದು ಸೆಕೆಂಡ್ ಕಳೆದಿತ್ತು. ನಂತರ ನಾಲ್ಕು ಹೆಜ್ಜೆ ನಡೆದು ಗೋಡೆಯ ಮೇಲಿದ್ದ ಕೆಂಪು ಕಾಲ್ ಪಾಯಿಂಟ್, ಅಂದರೆ ಫೈರ್ ಅಲಾರಂ ಗುಂಡಿ, ಒತ್ತಿದರು.

ಫೈರ್ ಪ್ಯಾನೆಲ್ ತನ್ನ ಕೆಲಸ ತಾನು ಮಾಡಿತು. ವಿದ್ಯುತ್ ಅಯಸ್ಕಾಂತದಿಂದ ಬಾಗಿಲು ಹಿಡಿದಿಡುವ ಮ್ಯಾಗ್‌ಲಾಕ್‌ಗಳಿಗೆ ವಿದ್ಯುತ್ ಕಡಿದು ಬಾಗಿಲುಗಳನ್ನು ಬಿಟ್ಟಿತು. ಜಾರುವ ಮುಂಬಾಗಿಲು ಪೂರ್ತಿ ತೆರೆದು ಹಾಗೇ ನಿಂತಿತು. ಬೆಂಕಿ ಬಿದ್ದಾಗ ಅದು ಮಾಡಬೇಕಾದದ್ದೇ ಅದು. ಸಿಬ್ಬಂದಿಯೂ ಕಲಿತದ್ದನ್ನೇ ಮಾಡಿದರು: ಶೌಚಾಲಯ ನೋಡಿ, ಬಾಗಿಲು ದಾಟಿ, ಹೊರಗೆ ಒಟ್ಟುಸೇರುವ ಅಸೆಂಬ್ಲಿ ಪಾಯಿಂಟ್‌ಗೆ ಹೊರಟರು. ಪ್ಯಾನೆಲ್ ಟೆಸ್ಟ್‌ನಲ್ಲಿ ಇದ್ದದ್ದರಿಂದ ಅಗ್ನಿಶಾಮಕ ದಳಕ್ಕೆ ಕರೆ ಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಇದರಲ್ಲಿ ಆಕೆಯ ತಪ್ಪಿಲ್ಲ. ಗಾಬರಿಯಲ್ಲಿ ಮನುಷ್ಯರ ಕೈ ಹೆಚ್ಚು ಸಲ ಮಾಡಿದ ಕೆಲಸಕ್ಕೇ ಹೋಗುತ್ತದೆ. ಆ ಕಟ್ಟಡದಲ್ಲಿ ವರ್ಷಗಳಿಂದ ನಡೆದದ್ದು ಫೈರ್ ಡ್ರಿಲ್ ಒಂದೇ. ಲಾಕ್‌ಡೌನ್ ಅಭ್ಯಾಸ ಒಮ್ಮೆಯೂ ನಡೆದಿರಲಿಲ್ಲ, ಅದನ್ನು ಓದಿ ಸಹಿ ಹಾಕಿಸಿದ್ದರು ಅಷ್ಟೆ. ತಪ್ಪಿದ್ದು ನನ್ನ ಅನುಕ್ರಮದಲ್ಲಿ. ಕಡತದಿಂದ ಶುರುಮಾಡಿ ಬಾಗಿಲಿಗೆ ಹೋಗಿದ್ದೆವು. ಚೆಂದದ ಕಡತ ಓದಿದ ಕಣ್ಣು ಆಮೇಲೆ ಬಾಗಿಲಲ್ಲೂ ಚೆಂದವನ್ನೇ ನೋಡುತ್ತದೆ. ಈಗ ನಮ್ಮ ತಂಡ ಮೊದಲು ಬಾಗಿಲಿಗೆ ಹೋಗುತ್ತದೆ, ಅಲ್ಲಿ ನಿಂತವರ ಜೊತೆ ಮಾತಾಡುತ್ತದೆ, ಕಡತ ಕೊನೆಗೆ.

ಬಾಗಿಲಲ್ಲಿ ಏನು ನೋಡಬೇಕು? ಮೊದಲು ಕೈ, ಆಮೇಲೆ ಬೀಗ. ‘ಈ ಬಾಗಿಲನ್ನು ಈಗ ಮುಚ್ಚಿ ತೋರಿಸಿ’ ಎನ್ನುತ್ತೇವೆ. ‘ಹೇಗೆ ಮುಚ್ಚುತ್ತೀರಿ’ ಎಂದು ಕೇಳುವುದಿಲ್ಲ. ಕೇಳಿದರೆ ಬಾಯಿಪಾಠ ಬರುತ್ತದೆ, ತೋರಿಸಿ ಎಂದರೆ ಕೀಲಿ ಎಲ್ಲಿದೆ ಎಂಬುದು ಹೊರಬೀಳುತ್ತದೆ. ಕೀಲಿ ಆಫೀಸಿನ ಡ್ರಾಯರಿನಲ್ಲಿರುತ್ತದೆ, ಆಫೀಸು ಎರಡನೇ ಮಹಡಿಯಲ್ಲಿರುತ್ತದೆ. ಅಥವಾ ಕೀಲಿ ಇರುವವರು ಅಂದು ರಜೆಯಲ್ಲಿರುತ್ತಾರೆ. ಜಾರುವ ಬಾಗಿಲಾದರೆ ಅದನ್ನು ತೆರೆದಿಡುವ, ಮುಚ್ಚಿಡುವ ಮೋಡ್ ಸ್ವಿಚ್ ಚೌಕಟ್ಟಿನ ಮೇಲ್ಗಡೆ ಏಣಿಯಿಲ್ಲದೆ ಎಟುಕದ ಜಾಗದಲ್ಲಿರುತ್ತದೆ. ರೋಲರ್ ಶಟರ್ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಇಳಿಯುವ ಜಾತಿಯದ್ದಾದರೆ, ಅದು ಪೂರ್ತಿ ಇಳಿಯುವವರೆಗೂ ಒಬ್ಬರು ಗಾಜಿನ ಮುಂದೆ ನಿಂತಿರಬೇಕು. ಆ ಒಬ್ಬರು ಎಲ್ಲಿ ನಿಲ್ಲುತ್ತಾರೆ ಎಂದು ನಕ್ಷೆಯಲ್ಲಿ ಯಾರೂ ಬರೆದಿರುವುದಿಲ್ಲ.

ಒಳಗಿನಿಂದ ಕೈಯಲ್ಲೇ ತಿರುಗಿಸುವ ಥಂಬ್ ಟರ್ನ್ ಇದ್ದರೆ ಅರ್ಧ ಗೆದ್ದಂತೆ. ಹೊರಗಿನವರಿಗೆ ತೆರೆಯಲಾಗದು, ಒಳಗಿನವರು ಯಾವ ಕ್ಷಣದಲ್ಲೂ ಹೊರಡಬಹುದು. ಲಾಕ್‌ಡೌನ್ ಎಂದರೆ ಹೊರಗಿನವರನ್ನು ತಡೆಯುವುದೇ ಹೊರತು ಒಳಗಿನವರನ್ನು ಕೂಡಿಹಾಕುವುದಲ್ಲ. ತಳ್ಳಿದರೆ ಬಾಗಿಲು ತೆರೆಯುವ ಪುಶ್ ಬಾರ್‌ಗೆ ಸರಪಳಿ ಸುತ್ತಿ ‘ಭದ್ರ ಮಾಡಿದ್ದೇವೆ’ ಎಂದು ತೋರಿಸುವ ಕಡೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲು ಸರಪಳಿ ಬಿಚ್ಚಿಸಬೇಕು. ಫೈರ್ ಪ್ಯಾನೆಲ್ ಮ್ಯಾಗ್‌ಲಾಕ್ ಬಿಡುವುದನ್ನು ತಪ್ಪಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅದೂ ಅಷ್ಟೇ ಅಪಾಯ. ಬೆಂಕಿಯ ವ್ಯವಸ್ಥೆಯನ್ನು ಅದರ ಪಾಡಿಗೆ ಬಿಡಿ. ಲಾಕ್‌ಡೌನ್‌ಗೆ ಬೇರೆಯದೇ ದನಿ, ಬೇರೆಯದೇ ಗುಂಡಿ ಕೊಡಿ. ಅಲಾರಂ ಕಂಪನಿಯವರಿಂದ ಕಾಸ್ ಅಂಡ್ ಎಫೆಕ್ಟ್ ಪಟ್ಟಿ ತರಿಸಿ ಓದಿ: ಯಾವ ಕಾಲ್ ಪಾಯಿಂಟ್ ಒತ್ತಿದರೆ ಯಾವ ಬಾಗಿಲು, ಯಾವ ಲಿಫ್ಟ್, ಯಾವ ಫ್ಯಾನ್ ಏನು ಮಾಡುತ್ತದೆ ಎಂಬುದೆಲ್ಲ ಅದರಲ್ಲಿದೆ. ನಾವು ಆ ದಿನ ಅದನ್ನು ಕೇಳಿಯೇ ಇರಲಿಲ್ಲ.

ಅಸೆಂಬ್ಲಿ ಪಾಯಿಂಟ್ ಕೂಡ ಬೆಂಕಿಗಾಗಿ ಗುರುತಿಸಿದ್ದು. ಅನುಮಾನದ ವಸ್ತುವಿನಿಂದ ದೂರ ಇರಬೇಕಾದ ಲೆಕ್ಕ ಬೇರೆ: ಬೆನ್ನಚೀಲದಂಥ ಸಣ್ಣ ವಸ್ತುವಾದರೆ ಕನಿಷ್ಠ 100 ಮೀಟರ್, ಕಾರಿನಷ್ಟಾದರೆ 200, ಲಾರಿಯಾದರೆ 400. ಆ ವಸ್ತುವಿನಿಂದ 15 ಮೀಟರ್ ಒಳಗೆ ವಾಕಿಟಾಕಿಯನ್ನೂ ಮೊಬೈಲನ್ನೂ ಬಳಸಬಾರದು. ಹೆಚ್ಚಿನ ಭವನಗಳ ಅಸೆಂಬ್ಲಿ ಪಾಯಿಂಟ್ ಗೋಡೆಯಿಂದ ಮೂವತ್ತು ನಲವತ್ತು ಮೀಟರಿನಲ್ಲಿ, ಎಲ್ಲರಿಗೂ ಕಾಣುವ ಕಾರ್ ಪಾರ್ಕಿನಲ್ಲಿರುತ್ತದೆ. ಎರಡು ದಿಕ್ಕಿಗೆ ಎರಡು ಜಾಗ ಗುರುತಿಸಿ, ಯಾವ ಕಡೆಗೆ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವಂತಿರಬೇಕು. ಹೇಳುವವರು ಯಾರು ಎಂಬುದು ಪಾಳಿಯ ಪಟ್ಟಿಯಲ್ಲಿ ಹೆಸರು ಸಮೇತ ಇರಬೇಕು. ‘ಮ್ಯಾನೇಜ್‌ಮೆಂಟ್ ತೀರ್ಮಾನಿಸುತ್ತದೆ’ ಎಂದು ಬರೆದಿದ್ದರೆ ಆ ಸಾಲಿಗೆ ಕೆಂಪು ಗೆರೆ ಎಳೆಯಿರಿ.

ಹೇಳುವುದು ಎಂದಾಗ ಮ್ಯಾಂಚೆಸ್ಟರ್ ನೆನಪಾಗದೆ ಇರುವುದಿಲ್ಲ. ಆ ದಾಳಿಯ ವಿಚಾರಣೆ ನಡೆಸಿದ ಸರ್ ಜಾನ್ ಸಾಂಡರ್ಸ್ ಅವರ ವರದಿಯ ಮೊದಲ ಸಂಪುಟವನ್ನು ನಮ್ಮ ತಂಡದ ಪ್ರತಿಯೊಬ್ಬರೂ ಓದಿರಬೇಕೆಂಬುದು ನನ್ನ ಹಟ. ಸ್ಫೋಟವಾದದ್ದು ರಾತ್ರಿ 10 ಗಂಟೆ 31 ನಿಮಿಷಕ್ಕೆ. ಅದಕ್ಕೆ ಸುಮಾರು ಕಾಲು ಗಂಟೆ ಮೊದಲು, ಅಲ್ಲಿ ಕಾಯುತ್ತಿದ್ದ ಒಬ್ಬರು ದೊಡ್ಡ ಚೀಲ ಹೊತ್ತು ಕೂತಿದ್ದವನ ಬಗ್ಗೆ, ಜನರನ್ನು ನೋಡಿಕೊಳ್ಳುವ ಸ್ಟೀವರ್ಡ್‌ಗೆ ಹೇಳಿದ್ದರು. ಆ ಮಾತು ಕಂಟ್ರೋಲ್ ರೂಮ್ ಮುಟ್ಟಲಿಲ್ಲ. ಅವನು ಕೂತಿದ್ದ ಜಾಗ ಸಿಸಿಟಿವಿಗೆ ಕಾಣದ ಮೂಲೆ. ಕ್ಯಾಮೆರಾ ಎಷ್ಟಿವೆ ಎಂದು ಎಣಿಸುವ ತಪಾಸಣೆಯಲ್ಲಿ ಆ ಮೂಲೆ ಎಂದಿಗೂ ಸಿಗುವುದಿಲ್ಲ. ಒಬ್ಬರು ಮಾನಿಟರ್ ಮುಂದೆ ಕೂರಬೇಕು, ಇನ್ನೊಬ್ಬರು ಕಟ್ಟಡವಿಡೀ ನಡೆಯಬೇಕು, ಪರದೆಯಿಂದ ಮಾಯವಾದಲ್ಲೆಲ್ಲ ನಕ್ಷೆಯ ಮೇಲೆ ಗೀಟು ಹಾಕಬೇಕು. ಮಧ್ಯಮ ಗಾತ್ರದ ಭವನಕ್ಕೆ ನಲವತ್ತು ನಿಮಿಷ ಸಾಕು.

ವಾಕಿಟಾಕಿಯ ಪರೀಕ್ಷೆಯೂ ನಡೆದೇ ಆಗಬೇಕು. ನೆಲಮಾಳಿಗೆ, ಅಡುಗೆಮನೆಯ ಹಿಂಬದಿ, ಲಿಫ್ಟಿನ ಮುಂದೆ, ಸ್ಟೇಜಿನ ಹಿಂದೆ ನಿಂತು ಕರೆ ಮಾಡಿ. ಕಾರ್ಯಕ್ರಮ ಮುಗಿಯುವ ಹೊತ್ತಿನಲ್ಲಿ ಮತ್ತೊಮ್ಮೆ ಮಾಡಿ, ಏಕೆಂದರೆ ಆಗ ಬಾರಿನವರು, ಸ್ವಚ್ಛತೆಯವರು, ಪಾರ್ಕಿಂಗಿನವರು ಎಲ್ಲ ಒಂದೇ ಚಾನಲ್‌ನಲ್ಲಿ ಮಾತಾಡುತ್ತಿರುತ್ತಾರೆ. ಗುಪ್ತ ಸಂಕೇತಗಳನ್ನು ಕೈಬಿಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಏಜೆನ್ಸಿಯಿಂದ ಅಂದಷ್ಟೇ ಬಂದವರಿಗೆ ಬಣ್ಣದ ಹೆಸರಿನ ಸಂಕೇತ ಏನೂ ಹೇಳುವುದಿಲ್ಲ. ‘ಮುಂಬಾಗಿಲಲ್ಲಿ ಚಾಕು ಹಿಡಿದವನಿದ್ದಾನೆ, ಬಾಗಿಲು ಮುಚ್ಚಿ, ಜನರನ್ನು ಹಿಂದಕ್ಕೆ ಕರೆದೊಯ್ಯಿರಿ’ ಎಂಬ ನೇರ ಮಾತು ಎಲ್ಲರಿಗೂ ತಿಳಿಯುತ್ತದೆ. 2008ರ ನವೆಂಬರ್ 26ರಂದು ಮುಂಬೈ ಸಿಎಸ್‌ಟಿ ನಿಲ್ದಾಣದಲ್ಲಿ ಅನೌನ್ಸರ್ ವಿಷ್ಣು ಝೇಂಡೆ ಮೈಕಿನಲ್ಲಿ ಜನರಿಗೆ ಯಾವ ಕಡೆ ಹೋಗಬೇಕೆಂದು ಹೇಳುತ್ತಲೇ ಇದ್ದರು, ಬಹಳ ಜೀವ ಉಳಿಯಿತು. ಅವರ ಮುಂದೆ ಮೈಕು ಇತ್ತು, ಅದು ಕೆಲಸ ಮಾಡುತ್ತಿತ್ತು, ಯಾರ ಅನುಮತಿಗೂ ಅವರು ಕಾಯಲಿಲ್ಲ. ನಾವು ನೋಡಿದ ಭವನದಲ್ಲಿ ಸಂಗೀತದ ಆಂಪ್ಲಿಫೈಯರ್ ಬೇರೆ, ಪ್ರಕಟಣೆಯದ್ದು ಬೇರೆ. ಸಂಗೀತ ನಿಲ್ಲಿಸಬೇಕಾದರೆ ಸೌಂಡ್ ಡೆಸ್ಕಿನವರೇ ನಿಲ್ಲಿಸಬೇಕು.

ತಂಡ ಕಟ್ಟುವಾಗ ಎಡವಿದ್ದು ಇನ್ನೊಂದು ಕಡೆ. ಪೊಲೀಸ್ ಹಿನ್ನೆಲೆಯವರ ಕಣ್ಣು ವಾಹನ ತಡೆಯುವ ಗಿಡ್ಡ ಕಂಬಗಳಾದ ಬೊಲಾರ್ಡ್‌ಗಳ ಮೇಲೆ, ಅಗ್ನಿ ಸುರಕ್ಷೆಯವರದ್ದು ತುರ್ತು ದಾರಿಯ ಮೇಲೆ, ಆಹಾರ ತಪಾಸಣೆಯಿಂದ ಬಂದವರದ್ದು ದಾಖಲೆಯ ಮೇಲೆ. ಒಂದೇ ಹಿನ್ನೆಲೆಯ ಇಬ್ಬರನ್ನು ಜೋಡಿ ಮಾಡಿದರೆ ಎರಡು ಸಲ ಒಂದನ್ನೇ ನೋಡಿ ಬರುತ್ತಾರೆ. ಈಗ ಜೋಡಿಗಳು ಬೆರಕೆ. ಜೊತೆಗೆ, ಒಂದೇ ಜಾಗವನ್ನು ಇಬ್ಬರು ಪ್ರತ್ಯೇಕವಾಗಿ ನೋಡಿ ತೀರ್ಮಾನ ಬರೆದು, ಆಮೇಲೆ ಎದುರುಬದುರು ಕೂತು ಹೋಲಿಸುವ ಪದ್ಧತಿ ಇಟ್ಟಿದ್ದೇವೆ. ಮೊದಲ ಹೋಲಿಕೆಯಲ್ಲೇ ಒಬ್ಬರು ಸಾಕು ಎಂದದ್ದನ್ನು ಇನ್ನೊಬ್ಬರು ಗಂಭೀರ ಕೊರತೆ ಎಂದಿದ್ದರು. ಇದು ಹೊರಗೆ ಆಗಿದ್ದರೆ ಯಾವ ಭವನದವರು ನಮ್ಮನ್ನು ನಂಬುತ್ತಿದ್ದರು?

ಕಾನೂನು ಕೇಳುವುದನ್ನೂ ನಮಗೆ ಒಳ್ಳೆಯದೆಂದು ತೋರುವುದನ್ನೂ ಬೇರೆ ಬೇರೆ ಬರೆಯಬೇಕು. 200ರಿಂದ 799 ಜನ ಒಮ್ಮೆಗೇ ಸೇರುವ ನಿರೀಕ್ಷೆಯಿರುವ ಜಾಗ ಸ್ಟ್ಯಾಂಡರ್ಡ್ ಟಿಯರ್. ಅಲ್ಲಿ ಕಾನೂನು ಕಟ್ಟಡ ಬದಲಿಸಲು ಹೇಳುವುದಿಲ್ಲ, ವಿಧಾನಗಳನ್ನು ಕೇಳುತ್ತದೆ. 800 ಅಥವಾ ಅದಕ್ಕಿಂತ ಹೆಚ್ಚಾದರೆ ನಿಗಾ, ಜನರ ಓಡಾಟದ ನಿಯಂತ್ರಣ, ಕಟ್ಟಡದ ಭದ್ರತೆ, ಮಾಹಿತಿಯ ಭದ್ರತೆ ಸೇರುತ್ತವೆ, ಅದೂ ಸಮಂಜಸವಾಗಿ ಸಾಧ್ಯವಿರುವಷ್ಟು ಮಟ್ಟಿಗೆ. 300 ಜನರ ಭವನಕ್ಕೆ ಹೋದ ನಮ್ಮ ಇನ್‌ಸ್ಪೆಕ್ಟರ್ ಒಬ್ಬರು ಬೊಲಾರ್ಡ್ ಹಾಕಿಸಿ ಎಂದು ಬಾಯಿಮಾತಲ್ಲಿ ಹೇಳಿ ಬಂದರು. ಭವನದವರು ದುಡ್ಡು ಹೊಂದಿಸಲು ಶುರುಮಾಡಿದ್ದರು. ನಾನೇ ಹೋಗಿ ಕ್ಷಮೆ ಕೇಳಿ ನಿಲ್ಲಿಸಬೇಕಾಯಿತು. ಎಣಿಕೆಯಲ್ಲೂ ಎಚ್ಚರ ಬೇಕು: 180 ಆಸನವೇ ಇರುವುದರಿಂದ ತಾವು ಕಾನೂನಿನ ಹೊರಗೆ ಎಂದುಕೊಂಡವರಲ್ಲಿ ಸಿಬ್ಬಂದಿ, ಕಲಾವಿದರು, ಸ್ವಯಂಸೇವಕರು ಸೇರಿ 25 ಜನ ಇದ್ದರೆ ಒಟ್ಟು 205 ಆಗುತ್ತದೆ.

ನಮ್ಮ ಟ್ಯಾಬ್ಲೆಟ್ ಫಾರಂ ಬಗ್ಗೆಯೂ ಹೇಳಲೇಬೇಕು. ಅದರಲ್ಲಿ ‘ಹೌದು’ ಮತ್ತು ‘ಇಲ್ಲ’ ಮಾತ್ರ ಇವೆ. ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆಯಲು ಜಾಗವಿಲ್ಲ. ಕೇಳಿದ್ದಕ್ಕೆ ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ವಾರಕ್ಕೆ ಇಷ್ಟು ಭೇಟಿ ಎಂಬ ಗುರಿ ಮಾತ್ರ ತಪ್ಪದೆ ಬರುತ್ತದೆ. ಕಡತ ಓದುವ ಭೇಟಿ ಒಂದೂವರೆ ಗಂಟೆಗೆ ಮುಗಿಯುತ್ತದೆ, ಬಾಗಿಲು ಮುಚ್ಚಿಸಿ ನೋಡುವ ಭೇಟಿಗೆ ಅರ್ಧ ದಿನ ಬೇಕು. ಗುರಿ ಇಡುವವರು ಒಂದು ದಿನ ನಮ್ಮ ಜೊತೆ ಬರಲಿ ಎಂದು ಲಿಖಿತವಾಗಿ ಕೇಳಿದ್ದೇನೆ. ಅಲ್ಲಿಯವರೆಗೆ ಸೆಕೆಂಡುಗಳನ್ನು ಕಾಗದದಲ್ಲಿ ಬರೆಯುತ್ತೇವೆ. ಆ ಕಾಗದಕ್ಕೆ ಬೀಗವಿರುವ ಕಪಾಟು, ಫೋಟೋಗೆ ಕಚೇರಿಯ ಸಾಧನ ಮಾತ್ರ. ಯಾವ ಬಾಗಿಲು ಮುಚ್ಚುವುದಿಲ್ಲ, ಯಾವ ಮೂಲೆ ಕಾಣುವುದಿಲ್ಲ ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ದಾಳಿಗೆ ನಕ್ಷೆ ಬರೆದುಕೊಟ್ಟಂತೆ.

ಮೂರು ವಾರದ ನಂತರ ಅದೇ ಭವನಕ್ಕೆ ಮರಳಿ ಹೋದೆವು. ಪಾಳಿ ಶುರುವಾಗುವ ಮೊದಲು ಐದು ನಿಮಿಷದ ಅಭ್ಯಾಸವನ್ನು ಅವರು ವಾರಕ್ಕೆರಡು ಸಲ ಮಾಡಿದ್ದರು. ಮುಂಬಾಗಿಲಿನ ಮೋಡ್ ಸ್ವಿಚ್ ಕೌಂಟರಿನ ಕೆಳಗೆ ಇಳಿದಿತ್ತು. ವಾಕಿಟಾಕಿ ಮೇಜಿನಿಂದ ಸೊಂಟಕ್ಕೆ ಬಂದಿತ್ತು. ಲಕೋಟೆ ಕೊಟ್ಟದ್ದು ಅದೇ ಡ್ಯೂಟಿ ಮ್ಯಾನೇಜರ್‌ಗೆ. ಮೊದಲ ಮಾತು 6ನೇ ಸೆಕೆಂಡಿಗೆ, ಮುಂಬಾಗಿಲು ಮುಚ್ಚಿದ್ದು 19ಕ್ಕೆ, ಕೊನೆಯ ಪಕ್ಕದ ಬಾಗಿಲು 48ಕ್ಕೆ. ಕಾಲ್ ಪಾಯಿಂಟ್ ಕಡೆಗೆ ಯಾರೂ ಹೋಗಲಿಲ್ಲ.

ನೆಲಮಾಳಿಗೆಯ ಡ್ರೆಸ್ಸಿಂಗ್ ರೂಮಿನಲ್ಲಿದ್ದ ಇಬ್ಬರಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಅಲ್ಲಿಗೆ ಸ್ಪೀಕರ್ ತಂತಿ ಎಳೆಯುವವರೆಗೆ, ಮೆಟ್ಟಿಲ ಬಳಿಯ ಸ್ಟೀವರ್ಡ್ ಓಡಿ ಇಳಿದು ಹೇಳಬೇಕೆಂದು ಪಾಳಿಪಟ್ಟಿಯಲ್ಲಿ ಬರೆದುಕೊಂಡರು. ಇಳಿಯಲು ಎಷ್ಟು ಸೆಕೆಂಡ್ ಬೇಕೆಂದು ಅಂದೇ ಓಡಿಸಿ ನೋಡಿದೆವು. 14.