ದೇವರ ಕೆಲಸಕ್ಕೂ ದುಡ್ಡು ತಗೋತೀರಾ, ಬ್ರದರ್?

ನಾನು ಚರ್ಚ್‌ನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಭಾನುವಾರದ ಆರಾಧನೆಗೆ ಯಾವತ್ತೂ ಒಂದು ರೂಪಾಯಿ ಮುಟ್ಟಿಲ್ಲ. ಮದುವೆ, ಕನ್ವೆನ್ಷನ್, ರೆಕಾರ್ಡಿಂಗ್ ಅಂತ ಕರೆದರೆ ಹೋಗುತ್ತೇನೆ, ದುಡ್ಡು ತಗೊಳ್ಳುತ್ತೇನೆ. ಇದು ಗೊತ್ತಾದ ಕೂಡಲೇ ಪ್ರಶ್ನೆ ಬರುತ್ತದೆ: "ಈ ಪ್ರತಿಭೆ, ಈ ತಲಾಂತು ಕೊಟ್ಟಿದ್ದು ದೇವರಲ್ವಾ ಬ್ರದರ್? ದೇವರ ಕೆಲಸಕ್ಕೂ ದುಡ್ಡು ತಗೋಬಹುದಾ?"

ತಗೋಬಹುದು. ತಗೊಳ್ಳುತ್ತೇನೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಪ್ರಶ್ನೆ ಕೇಳಿದರೆ ನನಗೇನೂ ಬೇಜಾರಿಲ್ಲ. ಕೇಳುವ ವರಸೆ ನೋಡಿ ಮೈ ಉರಿಯುತ್ತದೆ. ಮೊದಲು ಹೆಗಲ ಮೇಲೆ ಕೈ. ಆಮೇಲೆ "ಎಷ್ಟು ಚೆನ್ನಾಗಿ ನುಡಿಸ್ತೀರಿ, ಸ್ತೋತ್ರ" ಅನ್ನುವ ಬೆಣ್ಣೆ. ಅದರ ಹಿಂದೆಯೇ ಪ್ರಶ್ನೆ. ಕೊನೆಗೆ, "ಸುಮ್ನೆ ಕೇಳಿದೆ, ತಪ್ಪು ತಿಳ್ಕೋಬೇಡಿ." ಸುಮ್ನೆ ಯಾರೂ ಕೇಳಲ್ಲ. ಮುಂದಿನ ತಿಂಗಳು ಅವರ ಮನೆಯಲ್ಲಿ ಮದುವೆ ಇರುತ್ತದೆ.

ಮದುವೆ ಅಂದೆನಲ್ಲ, ಒಂದು ಮದುವೆಯ ವಿಷಯ ಹೇಳಿಬಿಡುತ್ತೇನೆ. ಊಟ ಮುಗಿಯುವ ಹೊತ್ತು. ಹುಡುಗಿಯ ಚಿಕ್ಕಪ್ಪ ಕಂಕುಳಲ್ಲಿ ಕಪ್ಪು ರೆಕ್ಸಿನ್ ಬ್ಯಾಗು ಸಿಕ್ಕಿಸಿಕೊಂಡು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಹೂವಿನವನಿಗೆ ಕೊಟ್ಟರು. ಶಾಮಿಯಾನದವನಿಗೆ, ಬಿರಿಯಾನಿಯವನಿಗೆ, ಡ್ರೋನ್ ಹಾರಿಸಿದ ಹುಡುಗನಿಗೆ ಕೊಟ್ಟರು. ಚರ್ಚ್ ಹಾಲ್ ಬಾಡಿಗೆ ಕಟ್ಟಿ ರಸೀದಿ ಇಸ್ಕೊಂಡರು. ಹೆಬ್ಬೆರಳು ನಾಲಿಗೆಗೆ ಒತ್ತಿ ಒಂದೊಂದೇ ನೋಟು ಎಣಿಸಿ ಕೊಡುತ್ತಿದ್ದರು. ಯಾರ ಹತ್ತಿರವೂ ಚೌಕಾಸಿ ಇಲ್ಲ. ನನ್ನ ಸರದಿ ಬಂತು. ಬ್ಯಾಗಿನ ಜಿಪ್ ಎಳೆದುಬಿಟ್ಟರು. ಒಂದು ಶಾಲು ಹೊದಿಸಿ, "ನಿಮಗೆ ದೇವರೇ ಕೊಡ್ತಾನೆ ಬ್ರದರ್" ಅಂದರು.

"ಹೂವು ಕೊಟ್ಟಿದ್ದೂ ದೇವರೇ ಅಲ್ವಾ ಅಂಕಲ್?" ಅಂದೆ.

ಅವರು ನಗಲಿಲ್ಲ. "ಅವನದು ವ್ಯಾಪಾರ, ನಿಮ್ಮದು ಸೇವೆ" ಅಂದರು.

ಆ ದಿನದ ಸೇವೆ ಏನು ಗೊತ್ತಾ? ಹುಡುಗಿಯ ಅಕ್ಕ ಒಂದು ಹಾಡು ಹೇಳಬೇಕಿತ್ತು. ಪುಸ್ತಕದ ಶ್ರುತಿಯಲ್ಲಿ ಶುರು ಮಾಡಿದರೆ ಮೂರನೇ ಸಾಲಿಗೆ ಅವರ ಗಂಟಲು ಕಟ್ಟುತ್ತದೆ. ಹಿಂದಿನ ಸಂಜೆ ಅವರ ಮನೆಗೆ ಹೋಗಿ, ಕೀಬೋರ್ಡಿನಲ್ಲಿ ಒಂದೊಂದೇ ಕೀ ಇಳಿಸುತ್ತಾ ಹೊಂದುವ ಶ್ರುತಿ ಹುಡುಕಬೇಕಾಯಿತು. ಇನ್ನು ಸಭೆ, ಅಂದರೆ ಚರ್ಚಿಗೆ ಬಂದವರೆಲ್ಲ, ಹಾಡುವುದು ಬೇರೆಯೇ ಕಥೆ. ಹಿಂದಿನ ಬೆಂಚಿನವರು ಯಾವಾಗಲೂ ಅರ್ಧ ತಾಳ ತಡ. ನಾನು ಅವರಿಗೆ ಕಿವಿಗೊಟ್ಟರೆ ಪ್ರತಿ ಚರಣಕ್ಕೂ ಹಾಡು ನಿಧಾನವಾಗುತ್ತಾ ಹೋಗುತ್ತದೆ. ನಾಲ್ಕನೇ ಚರಣಕ್ಕೆ ಮದುವೆಯೋ ಮಣ್ಣೋ ಗೊತ್ತಾಗಲ್ಲ. ಅದಕ್ಕೆ ಎಡಗೈ ಸ್ವರಗಳನ್ನು ಎಳೆಯದೆ ಕತ್ತರಿಸಿ ಬಾರಿಸಬೇಕು. ಸಾಲಿನ ಕೊನೆಯಲ್ಲಿ ಜನ ಉಸಿರು ತಗೊಳ್ಳುವಷ್ಟು ಜಾಗ ಬಿಡಬೇಕು, ಜಾಸ್ತಿ ಬಿಡಬಾರದು. ಇದು ಹುಟ್ಟುತ್ತಲೇ ಬಂದ ವರ ಅಲ್ಲ, ಸ್ವಾಮಿ. ಅಪ್ಪ ಫೀಸು ಕಟ್ಟಿ ಕಲಿಸಿದ್ದು.

ಬೈಬಲ್ ವಾಕ್ಯ ತೆಗೆದು ತೋರಿಸುವವರೂ ಇದ್ದಾರೆ. ಮತ್ತಾಯ 10:8, ಉಚಿತವಾಗಿ ಪಡೆದಿದ್ದೀರಿ, ಉಚಿತವಾಗಿ ಕೊಡಿ. ಸರಿ. ಆದರೆ ಅಲ್ಲಿ ಮಾತು ಬಂದಿರುವುದು ರೋಗಿಗಳನ್ನು ವಾಸಿ ಮಾಡುವ, ಸತ್ತವರನ್ನು ಎಬ್ಬಿಸುವ ಕೆಲಸದ ಬಗ್ಗೆ. ನಾನು ಇವತ್ತಿನವರೆಗೆ ಸತ್ತವರನ್ನು ಎಬ್ಬಿಸಿ ಬಿಲ್ ಕೊಟ್ಟಿಲ್ಲ. ಎರಡೇ ವಚನ ಮುಂದೆ ಹೋದರೆ, ಕೆಲಸದವನಿಗೆ ಊಟ ಸಲ್ಲಬೇಕು ಅಂತಲೂ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಇವರ ಬೈಬಲ್ ಮುಚ್ಚಿರುತ್ತದೆ. ಇನ್ನು ಯೇಸು ಹೇಳಿದ ತಲಾಂತಿನ ಸಾಮ್ಯವನ್ನೇ, ಅಂದರೆ ನೀತಿಕಥೆಯನ್ನೇ ನೋಡಿ. ತಲಾಂತು ಅಂದರೆ ಅಲ್ಲಿ ದುಡ್ಡಿನ ಮೊತ್ತ. ಆ ಕಥೆಯಲ್ಲಿ ಯಜಮಾನ ಮೊದಲು ದುಡ್ಡು ಕೊಟ್ಟು ಆಮೇಲೆ ಲೆಕ್ಕ ಕೇಳುತ್ತಾನೆ. ನಮ್ಮ ಕಮಿಟಿಯವರು ನೇರವಾಗಿ ಲೆಕ್ಕಕ್ಕೇ ಬರುತ್ತಾರೆ.

ಮಂಗಳೂರಿನ ಪರಿಚಯದವರೊಬ್ಬರು ವಾಟ್ಸಾಪ್‌ನಲ್ಲಿ ಅಲ್ಲಿನ ಅಲೋಶಿಯಸ್ ಚಾಪೆಲ್‌ನ ಫೋಟೋ ಕಳಿಸಿದರು. ಗೋಡೆ, ಚಾವಣಿ, ಕಮಾನು ಎಲ್ಲಾ ಕಡೆ ಚಿತ್ರ. ಸುಮಾರು 1900ರ ಹೊತ್ತಿಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದದ್ದು. ಕೆಳಗೆ ಒಂದು ಸಾಲು: "ಇವರು ದುಡ್ಡು ಕೇಳಿದ್ರಾ?" ಮೊಸ್ಕೇನಿ ಯೇಸುಸಭೆಯ (ಜೆಸ್ಯೂಟ್) ಬ್ರದರ್, ಅಂದರೆ ಆ ಸಂಸ್ಥೆಗೆ ಸೇರಿದ ಸಂನ್ಯಾಸಿ. ಅವರ ಊಟ, ಬಟ್ಟೆ, ಸೂರು ಆ ಸಂಸ್ಥೆಯ ಜವಾಬ್ದಾರಿ. ನನ್ನ ಮನೆ ಬಾಡಿಗೆಯನ್ನೂ ಮಗಳ ಸ್ಕೂಲ್ ಫೀಸನ್ನೂ ಸಭೆ ನೋಡಿಕೊಳ್ಳಲಿ, ನಾನೂ ಏಣಿ ಹತ್ತುತ್ತೇನೆ ಅಂತ ಉತ್ತರ ಹಾಕಿದೆ. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

ಸಂಗೀತದವರೇ ಬೇಕು ಅಂದರೆ ಜರ್ಮನಿಯ ಚರ್ಚ್ ಸಂಗೀತಗಾರ ಬಾಖ್ ಇದ್ದಾರೆ. ಎಷ್ಟೋ ಕೃತಿಗಳ ಕೊನೆಯಲ್ಲಿ "ಮಹಿಮೆ ದೇವರೊಬ್ಬನಿಗೇ" ಅನ್ನುವ ಲ್ಯಾಟಿನ್ ಮಾತಿನ ಮೂರು ಮೊದಲಕ್ಷರ ಬರೆದಿಟ್ಟವರು. ಅದೇ ಬಾಖ್ 1730ರಲ್ಲಿ ಲೈಪ್ಜಿಗ್‌ನಿಂದ ಹಳೆಯ ಗೆಳೆಯನಿಗೆ ಕಾಗದ ಬರೆದು ಗೋಳಾಡಿಕೊಂಡಿದ್ದಾರೆ. ಊರು ದುಬಾರಿ. ಶವಸಂಸ್ಕಾರದ ಆರಾಧನೆಗಳಿಂದ ಬರುತ್ತಿದ್ದ ಮೇಲಾದಾಯವೂ ಕಮ್ಮಿಯಾಗಿದೆ, ಯಾಕೆಂದರೆ ಊರಲ್ಲಿ ಒಳ್ಳೆ ಗಾಳಿ ಬೀಸಿ ಜನ ಸಾಯುತ್ತಿಲ್ಲ! ಹಿಂದಿನ ವರ್ಷ ಇದರಿಂದ ನೂರು ಥಾಲರ್‌ಗೂ ಜಾಸ್ತಿ ಖೋತಾ ಅಂತ ಲೆಕ್ಕವನ್ನೂ ಕೊಟ್ಟಿದ್ದಾರೆ. ನಾನು ಇಷ್ಟು ದೂರ ಹೋಗಿಲ್ಲ. ನಮ್ಮ ಸಭೆಯ ಹಿರಿಯರೆಲ್ಲ ನೂರು ವರ್ಷ ಬಾಳಲಿ.

ಸಿನಿಮಾ ಹಾಡಿನ ಆರ್ಕೆಸ್ಟ್ರಾದಲ್ಲೂ ನುಡಿಸುತ್ತೀಯಂತಲ್ಲ ಅಂತ ಮೂತಿ ತಿರುಗಿಸುವವರು ಬೈಬಲಿನಲ್ಲಿ ನೆಹೆಮೀಯನ ಪುಸ್ತಕದ 13ನೇ ಅಧ್ಯಾಯ ಓದಬೇಕು. ದೇವಾಲಯದ ಸೇವೆ ಮಾಡುತ್ತಿದ್ದ ಲೇವಿಯರಿಗೂ ಗಾಯಕರಿಗೂ ಸಲ್ಲಬೇಕಾದ ಪಾಲು ಸಿಗದೆ ಅವರೆಲ್ಲ ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ನಾಡನ್ನು ಆಳುತ್ತಿದ್ದ ನೆಹೆಮೀಯ ಗಾಯಕರನ್ನು ಬೈಯಲಿಲ್ಲ. ಅಧಿಕಾರಿಗಳನ್ನು ತರಾಟೆಗೆ ತಗೊಂಡ. ಅವರಿಗೆ ಹೊಲ ಇತ್ತು, ನನಗೆ ಆರ್ಕೆಸ್ಟ್ರಾ ಇದೆ.

ಇಷ್ಟೆಲ್ಲ ಕೇಳುತ್ತಾರಲ್ಲ, "ನೀವು ಆದ ಮೇಲೆ ಯಾರು ನುಡಿಸ್ತಾರೆ?" ಅಂತ ಒಬ್ಬರೂ ಕೇಳಿಲ್ಲ. ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. ಮೋಶೆಯ ಕಾಲದಲ್ಲಿ ದೇವದರ್ಶನದ ಗುಡಾರ ಮಾಡಿದ ಕುಶಲಕರ್ಮಿ ಬೆಚಲೇಲನ ಹೆಸರು ಪಾದ್ರಿಗಳ ಎಲ್ಲ ಪ್ರಸಂಗದಲ್ಲೂ ಬರುತ್ತದೆ. ದೇವರು ಅವನಿಗೆ ಚಿನ್ನ, ಬೆಳ್ಳಿ, ಮರದ ಕೆಲಸದ ಜಾಣ್ಮೆ ಕೊಟ್ಟ, ನಿಜ. ವಿಮೋಚನಕಾಂಡ 35:34ರಲ್ಲಿ ಇನ್ನೊಂದು ಮಾತಿದೆ: ಬೇರೆಯವರಿಗೆ ಕಲಿಸುವ ಮನಸ್ಸನ್ನೂ ಕೊಟ್ಟ. ಇದರ ಮೇಲೆ ಪ್ರಸಂಗ ನಾನು ಕೇಳಿಲ್ಲ. ದಾವೀದನ ಕಾಲದಲ್ಲಿ ದೇವಾಲಯದ ಹಾಡಿನಲ್ಲಿ ಪಳಗಿದವರು 288 ಮಂದಿ ಅಂತ 1 ಪೂರ್ವಕಾಲವೃತ್ತಾಂತದಲ್ಲಿದೆ. ಸರದಿ ಗೊತ್ತು ಮಾಡಲು ಚೀಟು ಹಾಕಿದಾಗ ಗುರು, ಶಿಷ್ಯ ಅಂತ ಭೇದ ಮಾಡಲಿಲ್ಲ. ನಮ್ಮಲ್ಲಿ ಕೀಬೋರ್ಡ್‌ಗೆ ನಾನೊಬ್ಬ. ನನಗೆ ಜ್ವರ ಬಂದ ಭಾನುವಾರ ಸಭೆಯವರು ಪೆನ್ ಡ್ರೈವ್ ಜೊತೆ ಹಾಡುತ್ತಾರೆ. ಪೆನ್ ಡ್ರೈವ್ ಯಾರ ಉಸಿರಿಗೂ ಕಾಯಲ್ಲ.

ಎರಡನೇ ಬೆಂಚಿನಲ್ಲಿ ಅಜ್ಜಿ ಪಕ್ಕ ಕೂರುವ ಒಬ್ಬಳು ಹುಡುಗಿ ಇದ್ದಾಳೆ. ನಾನು ನುಡಿಸುವಾಗ ಅವಳ ಬೆರಳು ಸಂಗೀತ ಪುಸ್ತಕದ ಮೇಲೆ ಓಡಾಡುತ್ತಿರುತ್ತವೆ. ತಾಳ ತಪ್ಪಲ್ಲ, ಹಿಂದಿನ ಬೆಂಚಿನವರ ಹಾಗಲ್ಲ. ಅವಳಂಥವರು ಇನ್ನೂ ಇಬ್ಬರು ಮೂವರು ಸಿಗುತ್ತಾರೆ. ಶನಿವಾರ ಸಂಜೆ ಕಳಿಸಿ, ಕಲಿಸುತ್ತೇನೆ. ಇದಕ್ಕೆ ದುಡ್ಡು ಬೇಡ. ಸೆಕ್ರೆಟರಿಯವರು ಹಾಲ್‌ನ ಬೀಗದ ಕೈ ಕೊಟ್ಟರೆ ಸಾಕು. ಬಾಡಿಗೆ ಮಾತ್ರ ಕೇಳಬೇಡಿ.