ಬೇಗ ಹೊಡೀಬೇಕಾ, ಸರಿಯಾಗಿ ಹೊಡೀಬೇಕಾ?

ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್, ಅಂದರೆ ಸಮಯದ ಲೆಕ್ಕದಲ್ಲಿ ಓಡಾಡುತ್ತಾ ಗುರಿ ಹೊಡೆಯುವ ಆಟ, ಅದರ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. "ಇದರಲ್ಲಿ ಬೇಗ ಹೊಡೆದವರು ಗೆಲ್ತಾರಾ, ಸರಿಯಾಗಿ ಹೊಡೆದವರಾ?" ಒಲಿಂಪಿಕ್ಸ್‌ನ ಏರ್ ಪಿಸ್ತೂಲ್ ನೋಡಿದವರು ಇದನ್ನು ಒಂದು ಥರ ಕೇಳುತ್ತಾರೆ, ಸಿನಿಮಾ ನೋಡಿದವರು ಇನ್ನೊಂದು ಥರ. ಮೊದಲಿನವರಿಗೆ ಓಡಾಡುತ್ತಾ ಹೊಡೆಯುವುದು ಅಂದರೆ ಗಾಳಿಯಲ್ಲಿ ಗುಂಡು ಹಾರಿಸಿದ ಹಾಗೆ. ಎರಡನೆಯವರಿಗೆ ಗುರಿ ಅಷ್ಟೇನೂ ಮುಖ್ಯ ಅಲ್ಲ.

"ಎರಡೂ ಬೇಕು" ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಅದು ಸುಳ್ಳಲ್ಲ, ಆದರೆ ಕೇಳಿದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ನನ್ನ ಉತ್ತರ ಇದು: ಒಂದು ಸೆಕೆಂಡಿಗೆ ಎಷ್ಟು ಪಾಯಿಂಟ್ ಬೆಲೆ ಅಂತ ಗೊತ್ತಿದ್ದವರು ಗೆಲ್ಲುತ್ತಾರೆ. ಆ ಬೆಲೆ ಪಂದ್ಯದ ಒಂದು ಸ್ಟೇಜ್‌ನಿಂದ, ಅಂದರೆ ಸುತ್ತಿನಿಂದ, ಇನ್ನೊಂದಕ್ಕೆ ಬದಲಾಗುತ್ತದೆ. ತಮಾಷೆ ಇರುವುದೇ ಅಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ನಡೆಸುವ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಶನ್). 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಶುರುವಾಯಿತು, ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಒಂದು ಪಂದ್ಯದಲ್ಲಿ ಹಲವು ಸ್ಟೇಜ್‌ಗಳಿರುತ್ತವೆ. ಚಿಕ್ಕ ಸ್ಟೇಜ್‌ಗೆ ಹೆಚ್ಚೆಂದರೆ 12 ಗುಂಡು, ಮಧ್ಯಮಕ್ಕೆ 24, ದೊಡ್ಡದಕ್ಕೆ 32. ಅಲ್ಲಿ ಗೋಡೆ, ಕಿಟಕಿ, ಬಾಗಿಲು, ತೂಗಾಡುವ ಟಾರ್ಗೆಟ್, ಬೀಳಿಸಬೇಕಾದ ಕಬ್ಬಿಣದ ಪಾಪ್ಪರ್ ಎಲ್ಲ ಇರುತ್ತವೆ. ಮುಟ್ಟಲೇಬಾರದ 'ನೋ ಶೂಟ್' ಟಾರ್ಗೆಟ್‌ಗಳೂ ಇರುತ್ತವೆ. ಬೀಪ್ ಕೇಳಿದ ಕೂಡಲೇ ಸಮಯ ಶುರು, ಕೊನೆಯ ಗುಂಡಿನ ಸದ್ದಿಗೆ ಮುಗಿಯಿತು. ಯಾವುದನ್ನು ಮೊದಲು ಹೊಡೆಯಬೇಕು, ಎಲ್ಲಿ ನಿಂತು ಹೊಡೆಯಬೇಕು ಅನ್ನೋದು ಬಹುತೇಕ ನಿಮಗೆ ಬಿಟ್ಟದ್ದು.

ಈಗ ಲೆಕ್ಕಕ್ಕೆ ಬರೋಣ. ರಟ್ಟಿನ ಟಾರ್ಗೆಟ್‌ನಲ್ಲಿ ಎ, ಸಿ, ಡಿ ಅಂತ ಮೂರು ವಲಯ. ನಡುವಿನ ಎಗೆ 5 ಪಾಯಿಂಟ್. ಕಡಿಮೆ ಶಕ್ತಿಯ ಗುಂಡಿಗೆ, ಅಂದರೆ ಮೈನರ್‌ಗೆ, ಸಿ 3, ಡಿ 1. ಟಾರ್ಗೆಟ್ ತಪ್ಪಿದರೆ 10 ಕಡಿತ. ನೋ ಶೂಟ್‌ಗೆ ತಗುಲಿದರೂ 10 ಕಡಿತ. ಸಾಮಾನ್ಯವಾಗಿ ಒಂದು ಟಾರ್ಗೆಟ್‌ಗೆ ಎರಡು ಗುಂಡು ಲೆಕ್ಕ, ಹೆಚ್ಚು ಹೊಡೆದಿದ್ದರೆ ಒಳ್ಳೆಯ ಎರಡನ್ನು ಹಿಡಿಯುತ್ತಾರೆ. ಬಂದ ಒಟ್ಟು ಪಾಯಿಂಟನ್ನು ಸಮಯದಿಂದ ಭಾಗಿಸಬೇಕು. ಅದೇ ಹಿಟ್ ಫ್ಯಾಕ್ಟರ್. ಒಂದು ಸೆಕೆಂಡಿಗೆ ನೀವು ಗಳಿಸಿದ ಪಾಯಿಂಟ್ ಅಂತ ಅರ್ಥ ಮಾಡಿಕೊಂಡರೆ ಸಾಕು.

ಎಂಟು ಟಾರ್ಗೆಟ್‌ನ ಒಂದು ಸ್ಟೇಜ್ ಅಂತ ಇಟ್ಟುಕೊಳ್ಳಿ. 16 ಗುಂಡು, ಪೂರ್ತಿ ಸಿಕ್ಕರೆ 80 ಪಾಯಿಂಟ್. ಮೂವರು ಹೊಡೆಯುತ್ತಾರೆ, ಮೂವರದ್ದೂ ಮೈನರ್. ಮೊದಲನೆಯವರು ಹದಿನಾರೂ ಎ ಹೊಡೆದು 16 ಸೆಕೆಂಡ್ ತಗೊಂಡರು. ಹಿಟ್ ಫ್ಯಾಕ್ಟರ್ 5. ಎರಡನೆಯವರು 11 ಎ, 5 ಸಿ, ಒಟ್ಟು 70 ಪಾಯಿಂಟ್, ಆದರೆ 12.5 ಸೆಕೆಂಡ್. ಹಿಟ್ ಫ್ಯಾಕ್ಟರ್ 5.6. ಮೂರನೆಯವರು ಬಿರುಗಾಳಿ. 10 ಸೆಕೆಂಡಿನಲ್ಲಿ ಮುಗಿಸಿ ಸುತ್ತ ನಿಂತವರ ಕೈಲಿ "ವಾವ್" ಅನ್ನಿಸಿಕೊಂಡರು. ಟಾರ್ಗೆಟ್ ನೋಡಿದರೆ 9 ಎ, 4 ಸಿ, 1 ಡಿ, ಎರಡು ಮಿಸ್. 58ರಲ್ಲಿ 20 ಕಳೆದು 38. ಹಿಟ್ ಫ್ಯಾಕ್ಟರ್ 3.8.

ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಇದ್ದವರಿಗೆ ಸ್ಟೇಜ್‌ನ ಪೂರ್ತಿ 80 ಸಿಗುತ್ತದೆ. ಉಳಿದವರಿಗೆ ಅದೇ ಪ್ರಮಾಣದಲ್ಲಿ. ಒಂದೂ ಎ ತಪ್ಪಿಸದ ಮೊದಲನೆಯವರಿಗೆ 71.43 ಮಾತ್ರ. ಬಿರುಗಾಳಿಗೆ 54.29. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಇಲ್ಲಿ ಅದು ಸ್ಕೋರ್ ಶೀಟ್‌ನಲ್ಲೇ ಕಾಣುತ್ತದೆ. ಆದರೆ ಮೊದಲನೆಯವರನ್ನೂ ನೋಡಿ. ತಪ್ಪೇ ಮಾಡದೆ ಸೋತರು. ಸುಮ್ನೆ ಗುರಿ ಚೆನ್ನಾಗಿದ್ದರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಬೆಲೆಯ ಮಾತು. ಹಿಟ್ ಫ್ಯಾಕ್ಟರ್ 5 ಇರುವ ಸ್ಟೇಜ್‌ನಲ್ಲಿ ಒಂದು ಸೆಕೆಂಡಿಗೆ 5 ಪಾಯಿಂಟ್ ಬೆಲೆ. ಎ ಬದಲು ಸಿ ಬಿದ್ದರೆ ಮೈನರ್‌ಗೆ 2 ಪಾಯಿಂಟ್ ನಷ್ಟ, ಅಂದರೆ 0.4 ಸೆಕೆಂಡ್. ಆ ಗುಂಡಿಗೆ ಕಾಲು ಸೆಕೆಂಡ್ ಜಾಸ್ತಿ ಕೊಟ್ಟು ಎ ಗಿಟ್ಟಿಸಿದರೆ ಲಾಭ. ಮುಕ್ಕಾಲು ಸೆಕೆಂಡ್ ಕೊಟ್ಟರೆ ನಷ್ಟ. ನಿಂತಲ್ಲೇ ಹತ್ತಿರದ ಟಾರ್ಗೆಟ್ ಹೊಡೆಯುವ ಚಿಕ್ಕ ಸ್ಟೇಜ್‌ನಲ್ಲಿ ಹಿಟ್ ಫ್ಯಾಕ್ಟರ್ 10 ಮುಟ್ಟಬಹುದು. ಅಲ್ಲಿ ಅದೇ ಸಿ ಬರೀ 0.2 ಸೆಕೆಂಡ್‌ಗೆ ಸಮ. ಅಲ್ಲಿ ಎಗಾಗಿ ಕಾಯುತ್ತಾ ನಿಂತರೆ ಕೆಟ್ಟಿರಿ. ದೂರದ ಟಾರ್ಗೆಟ್, ಉದ್ದದ ಓಟ ಇದ್ದು ಹಿಟ್ ಫ್ಯಾಕ್ಟರ್ 3ಕ್ಕೆ ಇಳಿಯುವ ಕಡೆ ಅದೇ ಸಿ 0.67 ಸೆಕೆಂಡ್ ತಿನ್ನುತ್ತದೆ. ಅಲ್ಲಿ ತಾಳ್ಮೆಗೆ ಕೂಲಿ ಇದೆ.

ಮಿಸ್ ಮಾತ್ರ ಎಲ್ಲೂ ಲಾಭವಿಲ್ಲ. ಕಡಿತ 10, ಸಿಗಬೇಕಿದ್ದ 5, ಒಟ್ಟು 15 ಪಾಯಿಂಟ್. ಹಿಟ್ ಫ್ಯಾಕ್ಟರ್ 5ರಲ್ಲಿ ಅದು ಮೂರು ಸೆಕೆಂಡ್. ಅಲ್ಲೇ ನಿಂತು ಇನ್ನೊಂದು ಗುಂಡು ಹೊಡೆಯಲು ಅರ್ಧ ಸೆಕೆಂಡೂ ಬೇಡ. ಆದರೆ ಮಿಸ್ ಆಯಿತು ಅಂತ ಆಗಲೇ ಗೊತ್ತಾಗಬೇಕಲ್ಲ! ರಟ್ಟಿನ ಮೇಲೆ ತೂತು ಹುಡುಕುತ್ತಾ ನಿಂತರೆ ಉಳಿಸಿದ ಸಮಯವೆಲ್ಲ ಅಲ್ಲೇ ಹೋಯಿತು. ಅದಕ್ಕೇ ಪಳಗಿದವರು ತೂತು ನೋಡುವುದಿಲ್ಲ. ಗುಂಡು ಹಾರಿದ ಆ ಗಳಿಗೆಯಲ್ಲಿ ಸೈಟ್, ಅಂದರೆ ಪಿಸ್ತೂಲಿನ ಮೇಲಿನ ಗುರಿಗುರುತು, ಎಲ್ಲಿತ್ತು ಅಂತ ನೋಡಿಕೊಂಡಿರುತ್ತಾರೆ. ಇದನ್ನು ಶಾಟ್ ಕಾಲಿಂಗ್ ಅಂತಾರೆ. ಸೈಟ್ ಅಂಚಿಗೆ ಜಾರಿದ್ದು ಕಂಡರೆ ಯೋಚಿಸದೆ ಇನ್ನೊಂದು ಹಾಕುತ್ತಾರೆ. ನನ್ನ ಪ್ರಕಾರ ಈ ಆಟದಲ್ಲಿ ಕಲಿಯಲು ಅತಿ ಕಷ್ಟವಾದದ್ದು ಇದೇ. ಬೆರಳಿನ ವೇಗ ಅದರ ಮುಂದೆ ಏನೂ ಅಲ್ಲ.

ಗುಂಡಿನ ಶಕ್ತಿಗೂ ಲೆಕ್ಕವಿದೆ. ಗ್ರೇನ್ ಅನ್ನುವ ಅಳತೆಯಲ್ಲಿ ಗುಂಡಿನ ತೂಕವನ್ನು, ಸೆಕೆಂಡಿಗೆ ಎಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಮೈನರ್‌ಗೆ ಕನಿಷ್ಠ 125. ಮೇಜರ್‌ಗೆ, ಅಂದರೆ ಹೆಚ್ಚು ಶಕ್ತಿಯ ಗುಂಡಿಗೆ, ಸ್ಟ್ಯಾಂಡರ್ಡ್ ವಿಭಾಗದಲ್ಲಿ 170, ಓಪನ್‌ನಲ್ಲಿ 160 (ಪಿಸ್ತೂಲಿನ ಬಗೆ ನೋಡಿ ಮಾಡಿದ ವಿಭಾಗಗಳಿವು). ಮೇಜರ್ ಆದರೆ ಸಿಗೆ 4, ಡಿಗೆ 2 ಪಾಯಿಂಟ್. ಜಾಸ್ತಿ ಒದೆ ತಿನ್ನುವ ಕೈಗೆ ಸ್ವಲ್ಪ ರಿಯಾಯಿತಿ.

ವೇಗ ಅಂದ ತಕ್ಷಣ ಎಲ್ಲರ ಮನಸ್ಸಿಗೆ ಬರುವುದು ಟ್ರಿಗರ್ ಮೇಲಿನ ಬೆರಳು. ಆ 12.5 ಸೆಕೆಂಡ್ ಓಟವನ್ನೇ ಬಿಡಿಸಿ ನೋಡಿ. ಎಂಟು ಟಾರ್ಗೆಟ್, ಪ್ರತಿಯೊಂದರ ಮೇಲೂ ಮೊದಲ ಮತ್ತು ಎರಡನೇ ಗುಂಡಿನ ನಡುವೆ 0.25 ಸೆಕೆಂಡ್ ಅಂತ ಹಿಡಿದರೂ ಒಟ್ಟು ಎರಡೇ ಸೆಕೆಂಡ್. ಉಳಿದ ಹತ್ತೂವರೆ ಎಲ್ಲಿ ಹೋಯಿತು? ಪಿಸ್ತೂಲು ತೆಗೆಯುವುದರಲ್ಲಿ, ಒಂದು ಟಾರ್ಗೆಟ್‌ನಿಂದ ಇನ್ನೊಂದಕ್ಕೆ ತಿರುಗುವುದರಲ್ಲಿ, ರಿಲೋಡ್‌ನಲ್ಲಿ, ಎಲ್ಲಕ್ಕಿಂತ ಜಾಸ್ತಿ ಕಾಲಿನಲ್ಲಿ. ಬೆರಳನ್ನು ಇನ್ನೂ ಚುರುಕು ಮಾಡಿದರೆ ಅರ್ಧ ಸೆಕೆಂಡ್ ಉಳಿದೀತು. ಕಿಟಕಿ ಹತ್ತಿರ ಬರುವ ಮೊದಲೇ ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿಕೊಂಡು ಬಂದರೆ, ಕೊನೆಯ ಗುಂಡು ಹಾರುವಾಗಲೇ ಮೈಭಾರವನ್ನು ಮುಂದಿನ ದಿಕ್ಕಿನ ಕಾಲಿಗೆ ಹಾಕಿದರೆ, ಪ್ರತಿ ಜಾಗದಲ್ಲೂ ಅಷ್ಟು ಉಳಿಯುತ್ತದೆ. ಫ್ರಾನ್ಸ್‌ನ ಎರಿಕ್ ಗ್ರೋಫೆಲ್ ಹಲವು ಬಾರಿ ವಿಶ್ವ ಚಾಂಪಿಯನ್ ಆದವರು. ಅವರ ವಿಡಿಯೋ ನೋಡಿದರೆ ಅವಸರವೇ ಕಾಣುವುದಿಲ್ಲ. ಟೈಮರ್ ನೋಡಿದಾಗಲೇ ಗೊತ್ತಾಗುವುದು.

ರಿಲೋಡನ್ನೇ, ಅಂದರೆ ಗುಂಡು ತುಂಬಿಡುವ ಮ್ಯಾಗಜೀನ್ ಬದಲಿಸುವುದನ್ನೇ, ಹತ್ತಿರದಿಂದ ನೋಡೋಣ. ಬಲಗೈ ಶೂಟರ್ ಒಂದು ಜಾಗ ಬಿಟ್ಟು ಹೊರಡುತ್ತಾರೆ. ಮೊದಲ ಹೆಜ್ಜೆಯಲ್ಲೇ ಹೆಬ್ಬೆರಳು ಮ್ಯಾಗಜೀನ್ ಬಟನ್ ಒತ್ತಿ ಹಳೆಯದು ನೆಲಕ್ಕೆ. ಅಷ್ಟರಲ್ಲಿ ಎಡಗೈ ಬೆಲ್ಟ್‌ಗೆ ಹೋಗಿ ಹೊಸ ಮ್ಯಾಗಜೀನ್ ಹಿಡಿದಿರುತ್ತದೆ, ತೋರುಬೆರಳು ಮೇಲಿನ ಗುಂಡಿನ ಮೂತಿಗೆ ತಾಗಿಕೊಂಡು. ಪಿಸ್ತೂಲು ಮುಖದ ಮುಂದೆ ಬಂದು, ಮ್ಯಾಗಜೀನ್ ಬಾಯಿ ಕಾಣುವಷ್ಟು ಓರೆಯಾಗುತ್ತದೆ. ಕಣ್ಣು ಅಲ್ಲೇ. ಟ್ರಿಗರ್ ಬೆರಳು ಗಾರ್ಡ್‌ನ ಹೊರಗೆ ನೆಟ್ಟಗೆ. ಮ್ಯಾಗಜೀನ್ ಒಳಗೆ ಹೋದ ಮೇಲೆ ಕಣ್ಣು ಮುಂದಿನ ಟಾರ್ಗೆಟ್‌ಗೆ. ಇಷ್ಟೂ ಕೆಲಸ ಓಡುತ್ತಲೇ ಆಗುವುದರಿಂದ ರಿಲೋಡ್‌ಗೆ ಅಂತ ಬೇರೆ ಸಮಯ ಬೇಕಾಗುವುದೇ ಇಲ್ಲ. ನಿಂತು ಮಾಡಿದರೆ ಅಷ್ಟೂ ಸಮಯ ದಂಡ.

ಬಲಗೈಯವರು ಬಲದಿಂದ ಎಡಕ್ಕೆ ಓಡುವಾಗ ಇದೇ ಕೆಲಸ ಆಪತ್ತಿಗೂ ತಳ್ಳಬಹುದು. ಓರೆ ಮಾಡಿದ ಪಿಸ್ತೂಲಿನ ಮೂತಿ ಎಡಕ್ಕೆ ತಿರುಗುತ್ತದೆ, ಮೈಯೂ ಎಡಕ್ಕೇ ತಿರುಗಿರುತ್ತದೆ. ಎರಡೂ ಸೇರಿ ಮೂತಿ ಟಾರ್ಗೆಟ್‌ಗಳ ಕಡೆಯ ನೇರ ದಿಕ್ಕಿನಿಂದ 90 ಡಿಗ್ರಿ ದಾಟಿ ಹಿಂದಕ್ಕೆ ಹೋದರೆ ಪಂದ್ಯದಿಂದಲೇ ಔಟ್. ಆ ಸ್ಟೇಜ್ ಒಂದೇ ಅಲ್ಲ, ಇಡೀ ಪಂದ್ಯ. ನಡೆಯುವಾಗ, ರಿಲೋಡ್ ಮಾಡುವಾಗ ಬೆರಳು ಟ್ರಿಗರ್ ಮೇಲಿದ್ದರೂ ಔಟ್. ಪಿಸ್ತೂಲು ಕೈಜಾರಿ ಬಿದ್ದರೂ ಅಷ್ಟೇ. "ಪಿಸ್ತೂಲು ಹಿಡಿದು ಓಡೋದು ಅಪಾಯ ಅಲ್ವಾ?" ಅನ್ನುವವರಿಗೂ ಇದೇ ಉತ್ತರ. ಟೈಮರ್ ಹಿಡಿದು ನಿಮ್ಮ ಪಕ್ಕದಲ್ಲೇ ಓಡುವ ರೇಂಜ್ ಆಫೀಸರ್ ಟಾರ್ಗೆಟ್ ನೋಡುವುದಿಲ್ಲ, ನಿಮ್ಮ ಪಿಸ್ತೂಲು ಮತ್ತು ಬೆರಳನ್ನೇ ನೋಡುತ್ತಿರುತ್ತಾರೆ. ಅವರು "ಲೋಡ್ ಅಂಡ್ ಮೇಕ್ ರೆಡಿ" ಅನ್ನುವವರೆಗೆ ಹೋಲ್‌ಸ್ಟರ್‌ನಲ್ಲಿರುವ ಪಿಸ್ತೂಲಿನಲ್ಲಿ ಗುಂಡು ಇರುವುದಿಲ್ಲ. ಬೇರೆ ಹೊತ್ತಿನಲ್ಲಿ ಅದನ್ನು ಮುಟ್ಟಬೇಕಾದರೆ ಸೇಫ್ಟಿ ಏರಿಯಾಕ್ಕೆ ಹೋಗಬೇಕು. ಅಲ್ಲಿ ಗುಂಡು ಮುಟ್ಟುವಂತಿಲ್ಲ, ಡಮ್ಮಿ ಗುಂಡು ಕೂಡ. ಈ ನಿಯಮಗಳಲ್ಲಿ ಯಾರಿಗೂ ಮುಲಾಜಿಲ್ಲ. ಇರಬಾರದು ಕೂಡ.

ಅಭ್ಯಾಸ ಹೇಗೆ? ಹೆಚ್ಚಿನದ್ದು ಗುಂಡಿಲ್ಲದೆ ಆಗುತ್ತದೆ. ಡ್ರೈ ಫೈರ್ ಅಂತಾರೆ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ, ಪಿಸ್ತೂಲು ಖಾಲಿ ಅಂತ ಎರಡೆರಡು ಸಲ ನೋಡಿಕೊಂಡು, ಅಪಾಯವಿಲ್ಲದ ಗೋಡೆಯ ಕಡೆ. ಟೈಮರ್‌ನಲ್ಲಿ ಎರಡು ಬೀಪ್ ನಡುವೆ ಇಂತಿಷ್ಟು ಸಮಯ ಅಂತ ಇಟ್ಟು, ಅಷ್ಟರೊಳಗೆ ಪಿಸ್ತೂಲು ತೆಗೆದು ಸೈಟ್ ಕೂರಿಸಬೇಕು. ಇಲ್ಲಿ ನಮಗೆ ನಾವೇ ಮೋಸ ಮಾಡಿಕೊಳ್ಳುವುದು ಸುಲಭ. ಎರಡನೇ ಬೀಪ್‌ಗೆ ಟ್ರಿಗರ್ ಒತ್ತಿಬಿಟ್ಟರೆ ಆಯಿತೇ? ಸೈಟ್ ಆಗ ಎ ಮೇಲೆ ಇತ್ತಾ? ಗುಂಡು ಹಾರದ ಕಾರಣ ಕೇಳುವವರು ಯಾರೂ ಇಲ್ಲ. ಒದೆತ ಹಿಡಿತಕ್ಕೆ ತರುವುದನ್ನು ಮಾತ್ರ ಡ್ರೈ ಫೈರ್ ಕಲಿಸುವುದಿಲ್ಲ. ಅದಕ್ಕೆ ರೇಂಜ್‌ಗೇ ಹೋಗಬೇಕು. ಏಳು ಗಜದಿಂದ ಒಂದೇ ಟಾರ್ಗೆಟ್‌ಗೆ ಬೇಗಬೇಗ ಆರು ಗುಂಡು ಹೊಡೆಯುವ ಬಿಲ್ ಡ್ರಿಲ್ ನನಗೆ ಇಷ್ಟ. ಆರೂ ಎ ಒಳಗೇ ಬೀಳಬೇಕು. ಹಿಡಿತ ಸಡಿಲವಾಗಿದ್ದರೆ ಮೂರನೇ ಗುಂಡಿಗೇ ಬಣ್ಣ ಬಯಲು.

ಪಿಸ್ತೂಲು ಯಾವುದು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪ್ರೊಡಕ್ಷನ್ ವಿಭಾಗದಲ್ಲಿ ಎಲ್ಲರಿಗೂ ಮೈನರ್ ಲೆಕ್ಕವೇ, ಮ್ಯಾಗಜೀನ್‌ಗೆ 15 ಗುಂಡಿನ ಮಿತಿ, ಚುಕ್ಕೆ ತೋರಿಸಿ ಗುರಿ ಹಿಡಿಸುವ ಡಾಟ್ ಸೈಟ್ ಇಲ್ಲ. ಸೀಜೆಡ್ ಶ್ಯಾಡೋ 2, ಗ್ಲಾಕ್ 34 ಥರದ 9 ಎಂಎಂ ಪಿಸ್ತೂಲುಗಳು ಅಲ್ಲಿ ಮಾಮೂಲು. ಗಟ್ಟಿ ಬೆಲ್ಟ್, ಟ್ರಿಗರ್ ಮುಚ್ಚುವ ಹೋಲ್‌ಸ್ಟರ್, ನಾಲ್ಕೈದು ಮ್ಯಾಗಜೀನ್, ಕಣ್ಣು ಕಿವಿಗೆ ರಕ್ಷಣೆ. ಓಪನ್ ವಿಭಾಗದ ಒದೆತ ತಗ್ಗಿಸುವ ಕಾಂಪೆನ್ಸೇಟರ್, ಡಾಟ್, 170 ಎಂಎಂ ಉದ್ದದ ಮ್ಯಾಗಜೀನ್ ನೋಡಿ ಆಸೆಯಾಗುತ್ತದೆ, ನಿಜ. ಆದರೆ ಸೆಕೆಂಡಿನ ಬೆಲೆ ಅದು ಕಲಿಸುವುದಿಲ್ಲ.

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡಬೇಕು? ಮೊದಲ ಪಂದ್ಯವನ್ನು ಔಟ್ ಆಗದೆ ಮುಗಿಸಿ, ಅಷ್ಟು ಸಾಕು. ಆಮೇಲೆ ಎಷ್ಟನೇ ಸ್ಥಾನ ಅಂತ ನೋಡುವ ಮೊದಲು ಸ್ಕೋರ್ ಶೀಟ್‌ನಲ್ಲಿ ಎ, ಸಿ, ಡಿ, ಮಿಸ್ ಎಷ್ಟೆಷ್ಟು ಅಂತ ನೋಡಿ. ಸಿಗಬಹುದಾದ ಪಾಯಿಂಟ್‌ನಲ್ಲಿ ನೂರಕ್ಕೆ 98 ಬಂದಿದ್ದರೆ ನೀವು ಅನಗತ್ಯವಾಗಿ ಕಾಯುತ್ತಿದ್ದೀರಿ. ಮುಂದಿನ ಸಲ ಹತ್ತಿರದ ಟಾರ್ಗೆಟ್‌ಗಳ ಮೇಲೆ ಸೈಟ್ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. 85ಕ್ಕಿಂತ ಕೆಳಗಿದ್ದು ಮಿಸ್‌ಗಳೂ ಇದ್ದರೆ ಟ್ರಿಗರ್ ಬಿಟ್ಟು ಕಾಲಿನಲ್ಲಿ ಸಮಯ ಹುಡುಕಿ. ಮೈನರ್ ಹೊಡೆಯುವವರಿಗೆ 90ರಿಂದ 95ರ ನಡುವೆ ಇರುವುದು ಒಳ್ಳೆಯ ಜಾಗ. ಅಲ್ಲಿದ್ದೂ ಹಿಂದೆ ಬಿದ್ದಿದ್ದರೆ ನಿಮ್ಮ ವಿಡಿಯೋ ಹಾಕಿ, ಗುಂಡಿನ ಸದ್ದು ಇಲ್ಲದ ಭಾಗಗಳನ್ನಷ್ಟೇ ನೋಡಿ.